ಮುಚ್ಚಳದ ಮೇಲಿನ ದೋಣಿ

ಮೊನ್ನೆ ಬಾಜೂ ಮನೆಯ ಕಾಕು ಶೇಂಗಾ ಚಟ್ನಿ ಕೊಟ್ಟಿದ್ದರು. ಚಟ್ನಿ ಮುಗಿದು ಡಬ್ಬಿ ತೊಳೆಯುವಾಗ ಮುಚ್ಚಳದ ಮೇಲೆ ಬೆರಳಿಗೆ ಏನೋ ತಾಗಿತು. ಮೊಳೆಯಿಂದ ಗೀರಿದ ಪುಟ್ಟ ದೋಣಿ. ಕಾಕು ಅವರ ಗಂಡ, ಕಾಕಾ, ನೆನಪಾದರು...

ಅವರು ಬಾಗಲಕೋಟೆ ಕಡೆಯವರು. ಎರಡು ಸಾವಿರದ ಇಸವಿಯ ಆಸುಪಾಸು ನಾನು ಮದುವೆಯಾಗಿ ಪುಣೆಯ ಕೊಂಢವಾಕ್ಕೆ ಬಂದಾಗ ಅವರು ಅಡತಿ ಅಂಗಡಿಯೊಂದರಲ್ಲಿ ಗುಮಾಸ್ತರು. ಪೇಟೆಯಲ್ಲಿ ವಿಡಿಯೊ ಗೇಮ್ ಪಾರ್ಲರುಗಳು ಒಂದೊಂದೇ ಮುಚ್ಚುತ್ತಿದ್ದ ಕಾಲ. ಆಳೆತ್ತರದ ಆ ಹಳೇ ಮಷೀನುಗಳು ಗುಜರಿಗೆ ಬಂದರೆ ಸಾಕು, ಕಾಕಾ ಟೆಂಪೊದಲ್ಲಿ ಹೇರಿಸಿಕೊಂಡು ಬರುತ್ತಿದ್ದರು. ಬಿಚ್ಚುವುದು, ಒರೆಸುವುದು, ಮತ್ತೆ ಜೋಡಿಸುವುದು. ಮೂರು ಮಷೀನು ಸೇರಿ ಅವರ ಗ್ಯಾಲರಿಯಲ್ಲಿ ಬಟ್ಟೆ ಒಣಹಾಕಲೂ ಜಾಗವಿಲ್ಲದಂತಾಯಿತು.

"ಇವರಿಗೆ ಹುಚ್ಚು ಹಿಡದದ," ಎಂದು ಕಾಕು ನಗುತ್ತಿದ್ದರು.

ಆ ಹುಚ್ಚಿನಲ್ಲಿ ಒಂದು ಶಿಸ್ತಿತ್ತು. ಬಿಚ್ಚಿದ ಸ್ಕ್ರೂ, ಸ್ಪ್ರಿಂಗುಗಳೆಲ್ಲ ಹಳೇ ಚಟ್ನಿ ಡಬ್ಬಿಗಳಿಗೆ. ಒಂದು ಮಷೀನಿನದು ಇನ್ನೊಂದಕ್ಕೆ ಸೇರುವಂತಿಲ್ಲ. ಮೊದಲು ಬಿಚ್ಚಿದ್ದು ತಳಕ್ಕೆ, ಅದರ ಮೇಲೊಂದು ಪೇಪರಿನ ತುಂಡು, ಆಮೇಲೆ ಬಿಚ್ಚಿದ್ದು ಅದರ ಮೇಲೆ. ಜೋಡಿಸುವಾಗ ಮೇಲಿನಿಂದ ತೆಗೆಯುತ್ತಾ ಹೋದರಾಯಿತು. ಯಾವ ಮಷೀನಿನದೆಂದು ಮುಚ್ಚಳದ ಮೇಲೆ ಗುರುತು: ದೋಣಿ, ಹಕ್ಕಿ, ಕಾರು. ನಮ್ಮ ಕಣ್ಣಿಗೆ ಮಾತ್ರ ಅದು ಬರೀ ತುಕ್ಕು ಹಿಡಿದ ಕಸ.

ನಾನು ಮರಾಠಿ ಬಾರದೆ ಮನೆ ಹಿಡಿದು ಕೂತಿದ್ದನ್ನು ನೋಡಿ ಕಾಕಾ ಒಮ್ಮೆ ದೋಣಿಯ ಮಷೀನಿನ ಗುಟ್ಟು ಹೇಳಿದರು.

"ನಿಮ್ಮ ಕಾಕುನೂ ಹಿಂಗ ಇದ್ಲವಾ. ವಾರಪೂರ್ತಿ ಬಾಯಿ ಬಿಡ್ತಿದ್ದಿಲ್ಲ. ಐತವಾರ ಕ್ಯಾಂಪ್ ಪ್ಯಾಟಿ ಪಾರ್ಲರಿಗೆ ಕರ್ಕೊಂಡ್ ಹೋದ್ರ, ಈ ಆಟದಾಗಿನ ದೋಣಿಗೆ ಬಾಯಿಗೆ ಬಂದಂಗ ಬೈತಿದ್ಲು. ಅಷ್ಟು ಕೇಳಾಕ ನಾ ಹಿಂದ ನಿಂದರ್ತಿದ್ದೆ."

ಅದೇ ಪಾರ್ಲರಿನ ಅದೇ ಮಷೀನು. ಹೊರಗಿನ ಬಣ್ಣದ ಹಲಗೆಗಳು ಹೋಗಿದ್ದರಿಂದ ಕಾಕುಗೆ ಗುರುತು ಹತ್ತಿರಲಿಲ್ಲ. ಅದನ್ನು ನಡೆಯುವ ಹಾಗೆ ಮಾಡಿ ಒಮ್ಮೆಗೇ ಅವರ ಮುಂದೆ ನಿಲ್ಲಿಸಬೇಕೆಂಬುದು ಕಾಕಾನ ಆಸೆ.

ಆ ವರ್ಷ ದೀಪಾವಳಿಗೆ ಮುಂಚೆ ಕಾಕಾ ಊರಿಗೆ ಹೋಗಿದ್ದರು. ಬೆಳಿಗ್ಗೆ ಸ್ವಾರಗೇಟ್ ಬಸ್ ನಿಲ್ದಾಣದಲ್ಲಿ ಇಳಿದು ಮನೆಗೆ ಬಂದಾಗ ನಾನೂ ಅಲ್ಲೇ ಇದ್ದೆ. ಹಬ್ಬದ ಸ್ವಚ್ಛತೆಯ ಭರದಲ್ಲಿ ಕಾಕು ಡಬ್ಬಿಗಳನ್ನೂ ಬಿಟ್ಟಿರಲಿಲ್ಲ. ಎಲ್ಲವನ್ನೂ ಅಗಲ ತಟ್ಟೆಯಂಥ ಪರಾತಕ್ಕೆ ಸುರಿದು, ಸೀಮೆಎಣ್ಣೆಯಲ್ಲಿ ತಿಕ್ಕಿ, ಸಣ್ಣ ಸ್ಕ್ರೂ ಒಂದು ಡಬ್ಬಿಗೆ, ದೊಡ್ಡವು ಇನ್ನೊಂದಕ್ಕೆ, ಸ್ಪ್ರಿಂಗು ಮತ್ತೊಂದಕ್ಕೆ... ಬೇಳೆಕಾಳಿನಂತೆ ಆರಿಸಿ ತುಂಬಿದ್ದರು. ಕಾಕಾ ಒಂದು ಮುಚ್ಚಳ ತೆರೆದರು. ಇನ್ನೊಂದು ತೆರೆದರು. ಮೂರೂ ಮಷೀನಿನವು ಬೆರೆತಿದ್ದನ್ನು ಕಂಡು ಎರಡನ್ನೂ ಮೆಲ್ಲಗೆ ಮುಚ್ಚಿದರು.

"ಭಾಳ ಛಲೋ ಮಾಡಿದಿ," ಎಂದರು.

ಆಮೇಲೆ ತಿಂಗಳುಗಟ್ಟಲೆ ಒಂದೊಂದೇ ಸ್ಕ್ರೂವನ್ನು ಒಂದೊಂದೇ ತೂತಿಗಿಟ್ಟು ನೋಡಿದರು. ಕೊನೆಗೊಂದು ದಿನ, ಕಾಕು ತರಕಾರಿ ತರಲು ಹೋದಾಗ, ನನ್ನನ್ನು ಕರೆದು ಸ್ವಿಚ್ ಹಾಕಿದರು. ನೀಲಿ ನೀರು, ಬಿಳಿ ದೋಣಿ. ನನಗಂತೂ ಕುಣಿಯುವಷ್ಟು ಖುಷಿ. ಅಷ್ಟರಲ್ಲಿ ಸುಟ್ಟ ವಾಸನೆ ಬಂತು, ಪರದೆ ಕಪ್ಪಾಯಿತು. ಬೇರೆ ಮಷೀನಿನ ತುಸು ಉದ್ದನೆಯ ಸ್ಕ್ರೂ ಒಳಗಿನ ಬೋರ್ಡಿಗೆ ತಾಗಿ ಅದು ಸುಟ್ಟುಹೋಗಿತ್ತು. ಅಂಥ ಬೋರ್ಡು ಮತ್ತೆ ಎಲ್ಲಿಯೂ ಸಿಗಲಿಲ್ಲ.

"ಅಕಿಗೆ ಹೇಳಬ್ಯಾಡವಾ," ಎಂದರು ಕಾಕಾ. "ಪಾಪ, ಹಬ್ಬದ ಕೆಲಸದಾಗ ಕೂತು ಆರಿಸ್ಯಾಳ."

ಕಾಕಾ ಹೋಗಿ ವರ್ಷಗಳಾದವು. ಮಷೀನುಗಳು ಗುಜರಿಗೇ ಮರಳಿದವು. ಕಾಕು ಆ ದೋಣಿಗೆ ಇನ್ನೊಮ್ಮೆ ಬೈಯಲೇ ಇಲ್ಲವಲ್ಲ ಎಂದು ನನಗೆ ಈಗಲೂ ಸಂಕಟವಾಗುತ್ತದೆ.

ಖಾಲಿ ಡಬ್ಬಿ ಕೊಡಬಾರದೆಂದು ಸಕ್ಕರೆ ಹಾಕಿಕೊಂಡು ಹೋದೆ. ಕಾಕು ಮುಚ್ಚಳ ಸವರುತ್ತಾ ನಕ್ಕರು.

"ಇದನ್ನ ಯಾಕ ಗೀರಿದ್ರೋ ಏನೋ. ನಿಮ್ಮ ಕಾಕಾಗ ಒಂದು ಸಾಮಾನೂ ಕೈಗೆ ಸಿಗತಿದ್ದಿಲ್ಲ. ಎಲ್ಲಾ ಹೊಂದಿಸಿ ಕೊಟ್ಟಾಕಿ ನಾನ. ಅಷ್ಟಾದ್ರೂ ಉಪಯೋಗಕ್ಕ ಬಂದ್ನಲ್ಲ ಅವರಿಗೆ."

"ಹೌದ್ರಿ ಕಾಕು," ಎಂದೆ.