ಗೋಡೆಗೆ ಹೇಳಿದ ಪದ್ಯ

ಲೂಷಿಯಸ್ ಟಾಲಿವರ್ ದೊಡ್ಡ ಕವಿ ಎಂದು ಅಮೆರಿಕದ ಮೆಂಫಿಸ್ ಊರಿನ ಪೇಪರಿನಲ್ಲಿ ಬಂದ ದಿನ ಅವನ ಅಕ್ಕ ವರ್ಡೆಲ್ ಆ ಪೇಪರನ್ನು ಹರವಿ ಅದರ ಮೇಲೆ ಮೀನು ಹೆಚ್ಚಿದಳು. ಫೋಟೋದಲ್ಲಿ ಇದ್ದದ್ದು ತಮ್ಮನ ಬೆನ್ನು. ಕವಿ ಎಂದ ಮೇಲೆ ಒಂದು ಮುಖವಾದರೂ ಬೇಡವೇ? ಇವನ ಬೆನ್ನು ನೋಡಿಯೇ ಜನ ಬೆರಗಾಗುತ್ತಾರಂತೆ. ಮನೆಯವರಿಗೆ ಆ ಬೆನ್ನು ಹೊಸದೇನಲ್ಲ. ಬೇಕಾದ ಹೊತ್ತಿಗೆ ಬೆನ್ನು ತೋರಿಸುವುದರಲ್ಲಿ ಅವನು ಮೊದಲಿಂದಲೂ ನಿಸ್ಸೀಮ.

ಅವನ ಚರಿತ್ರೆ ಉದ್ದದ್ದೇನಲ್ಲ. ಮೀಸೆ ಚಿಗುರುವ ವಯಸ್ಸಿನಲ್ಲಿ ಇಬ್ಬರು ಪೋಲಿಗಳ ಜೊತೆ ಸೇರಿ ಹೆಂಡದಂಗಡಿಗೆ ಕದಿಯಲು ನುಗ್ಗಿದ. ಪೋಲಿಗಳು ಓಡಿದರು, ಈ ದಡ್ಡ ಸಿಕ್ಕಿಬಿದ್ದ. ಬಿಳಿಯರ ಮನೆಯ ಹುಡುಗನಾಗಿದ್ದರೆ ನಾಲ್ಕು ಮಾತು ಬೈದು ಕಳಿಸುತ್ತಿದ್ದರು ಎಂಬುದು ವರ್ಡೆಲ್‌ಗೆ ಗೊತ್ತಿತ್ತು. ಹಾಗಾಗಿ ಶಿಕ್ಷೆ ಕೊಟ್ಟ ನ್ಯಾಯಾಧೀಶನ ಮೇಲೂ ಅವಳಿಗೆ ತಮ್ಮನ ಮೇಲಿದ್ದಷ್ಟೇ ತಾತ್ಸಾರ. ಅಂತೂ ಲೂಷಿಯಸ್ಸನ ಯೌವನವೆಲ್ಲ ಜೈಲಿನಲ್ಲಿ ಕರಗಿತು.

ಕವಿಯಾದದ್ದೂ ಅಲ್ಲಿಯೇ. ಸಾಲು ಕೋಣೆಗಳು, ಒಬ್ಬನ ಮುಖ ಇನ್ನೊಬ್ಬನಿಗೆ ಕಾಣದು. ಬೀಗ ಬಿದ್ದ ಮೇಲೆ ಒಬ್ಬ ಗೋಡೆಯ ಕಡೆ ತಿರುಗಿ ಜೂಜುಕೋರರ, ಪೊಲೀಸರಿಗೆ ಮಣ್ಣು ಮುಕ್ಕಿಸಿದವರ ಪ್ರಾಸದ ಕಥೆ ಹೇಳುವುದು, ಉಳಿದವರು ಗೋಡೆಗುಂಟ ಹೋಗುವ ಕಬ್ಬಿಣದ ಕೊಳವೆ ಬಡಿದು ಉತ್ತರ ಕೊಡುವುದು ಅಲ್ಲಿಯ ರೂಢಿ. ಒಂದು ಬಡಿತವೆಂದರೆ ಭೇಷ್. ಎರಡು ಬಡಿತವೆಂದರೆ ಕೇಳಿಸಲಿಲ್ಲ, ಮೊದಲಿಂದ ಹೇಳು ಎಂದರ್ಥ. ಹೇಳದೆ ಬಿಟ್ಟವನಿಗೆ ಮಾರನೆಯ ದಿನ ಯಾರ ಮುಂದೆಯೂ ಮರ್ಯಾದೆ ಇರುತ್ತಿರಲಿಲ್ಲ. ಬಿಡುಗಡೆಯಾಗಿ ಬಂದ ಮೇಲೆ ಇದನ್ನೇ ಊಟದ ಮೇಜಿನ ಮೇಲೆ ಬಡಿದು ತೋರಿಸುತ್ತ ಮನೆಯವರ ತಲೆ ತಿಂದ. ಹಾಡಿದ್ದೇ ಹಾಡೋ ಕಿಸಬಾಯಿ ದಾಸ ಎಂದು ವರ್ಡೆಲ್ ಎದ್ದು ಹೋಗುತ್ತಿದ್ದಳು.

ಹೊರಗೆ ಬಂದು ಸಭೆಗಳಲ್ಲಿ ಹೇಳತೊಡಗಿದರೂ ಅವನ ಪದ್ಯ ಗೋಡೆಗೆ ತಿರುಗಿ ನಿಂತರೆ ಮಾತ್ರ ಹೊರಡುತ್ತಿತ್ತು. ಉಗುರು ಕಚ್ಚುವ ಹಾಗೆ ಅದೂ ಒಂದು ಕೆಟ್ಟ ಚಟ. ಕಾಲೇಜಿನ ಪ್ರೊಫೆಸರ್ ವಿಟ್‌ಕಾಂಬ್ ಎಂಬ ಬಿಳಿಯ ಅದರಲ್ಲಿ ವೇದಾಂತ ಕಂಡುಬಿಟ್ಟ. ಸಮಾಜಕ್ಕೆ ಬೆನ್ನು ತಿರುಗಿಸಿದ ಪ್ರವಾದಿ ಎಂದು ಬರೆದ, ಬರೆದು ತಾನು ಮೇಲೇರಿದ. ಊರಿಗೆ ಉಪಕಾರಿ, ಮನೆಗೆ ಮಾರಿ ಎಂದು ವರ್ಡೆಲ್ ಉಗಿದಳು.

ಉಗಿಯಲು ಕಾರಣವಿತ್ತು. ಅಮ್ಮ ಆರ್ಜುಲಾ ಬಟ್ಟೆ ಒಗೆಯುವ ಕಾರ್ಖಾನೆಯ ಯಂತ್ರಗಳ ನಡುವೆ ದುಡಿದು ಕಿವಿ ಕಳೆದುಕೊಂಡವಳು. ಎದುರಿನವರ ತುಟಿ ನೋಡಿ ಮಾತು ತಿಳಿಯುತ್ತಿದ್ದಳು. ಜೈಲಿನ ಭೇಟಿಯ ಕೋಣೆಯಲ್ಲಿ ಬೇರೆ ತಾಯಂದಿರು ಗಾಜಿನ ಈಚೆ ಕೂತು ಟೆಲಿಫೋನಿನಲ್ಲಿ ಕೂಗುತ್ತಿದ್ದರೆ ಇವಳು ಸುಮ್ಮನೆ ಮಗನ ತುಟಿ ಓದುತ್ತಿದ್ದಳು. ಚೆನ್ನಾಗಿದ್ದೀನಮ್ಮ, ಊಟ ಪರವಾಗಿಲ್ಲ, ಯಾರೂ ಮೈ ಮುಟ್ಟಲ್ಲ ಎನ್ನುತ್ತಿದ್ದ. ಇವಳು ತಲೆಯಾಡಿಸಿ, ವರ್ಡೆಲ್ ಜೊತೆ ಬಸ್ಸು ಹತ್ತುತ್ತಿದ್ದಳು.

ಅಮ್ಮನ ಮೇಲೆ ಅವನು ಕಟ್ಟಿದ ಪದ್ಯ ಕೇಳಿ ಊರೆಲ್ಲ ಕಣ್ಣೊರೆಸಿಕೊಂಡಿತ್ತು. ಅವಳೊಬ್ಬಳಿಗೆ ಅದು ತಲುಪಿರಲಿಲ್ಲ, ಯಾಕೆಂದರೆ ಬೆನ್ನಿಗೆ ತುಟಿ ಇರುವುದಿಲ್ಲ. ಓದಲು ಅವಳಿಗೆ ಅಕ್ಷರ ಬಾರದು. ವರ್ಡೆಲ್ ಹಟ ಹಿಡಿದು ಆ ಪದ್ಯ ಕೇಳಲೂ ಹೋಗಿರಲಿಲ್ಲ, ಅದು ಅಚ್ಚಾದ ಪುಸ್ತಕ ತೆರೆದೂ ಇರಲಿಲ್ಲ. ಈಗ ಸಕ್ಕರೆ ಕಾಯಿಲೆ ಅಮ್ಮನ ಕಣ್ಣನ್ನೂ ತಿನ್ನುತ್ತಿತ್ತು. ಸ್ವಲ್ಪ ದಿನ ಹೋದರೆ ತುಟಿಯೂ ಕಾಣದು. ಹುಟ್ಟುಹಬ್ಬಕ್ಕೆ ಏನು ಬೇಕಮ್ಮ ಎಂದು ಲೂಷಿಯಸ್ ಕೇಳಿದರೆ ಆ ಪದ್ಯ, ನಿನ್ನ ಬಾಯಿಂದ ಎಂದಳು. ಆಗಲಿ ಎಂದು ಅವನು ಮಾತು ಕೊಟ್ಟ.

ಹುಟ್ಟುಹಬ್ಬದ ದಿನ ಚರ್ಚಿನ ನೆಲಮಾಳಿಗೆಯಲ್ಲಿ ಊಟ. ಕರಿದ ಮೀನು, ಬೇಯಿಸಿದ ಸೊಪ್ಪು, ಮೆಕ್ಕೆಜೋಳದ ರೊಟ್ಟಿ. ವಿಟ್‌ಕಾಂಬ್ ಕರೆಯದೆ ಬಂದು ಮುಂದಿನ ಕುರ್ಚಿಯಲ್ಲೇ ಕೂತಿದ್ದ. ಲೂಷಿಯಸ್ ಎದ್ದು ಅಮ್ಮನ ಮುಖ ನೋಡಿದ. ಆಮೇಲೆ ಮೆಲ್ಲನೆ ಗೋಡೆಯ ಕಡೆ ತಿರುಗಿ ಶುರು ಮಾಡಿದ. ವಿಟ್‌ಕಾಂಬ್ ಎದೆಯ ಮೇಲೆ ಕೈಯಿಟ್ಟುಕೊಂಡ. ಅಮ್ಮ ಕತ್ತು ಚಾಚಿ ಚಾಚಿ ನೋಡಿ, ಕೊನೆಗೆ ಸೋತು ತಟ್ಟೆ ನೋಡತೊಡಗಿದಳು.

ಸೊಪ್ಪು ಬಡಿಸುತ್ತಿದ್ದ ವರ್ಡೆಲ್‌ಗೆ ಮೈಯೆಲ್ಲ ಉರಿಯಿತು. ಕೋಣೆ ಬೆಚ್ಚಗಿಡಲು ಗೋಡೆಗುಂಟ ಹೋಗಿದ್ದ ಹಬೆಯ ಕೊಳವೆಗೆ ಕೈಲಿದ್ದ ಕಬ್ಬಿಣದ ಸೌಟಿನಿಂದ ಎರಡು ಸಲ ಬಾರಿಸಿದಳು. ಪದ್ಯ ಅರ್ಧಕ್ಕೇ ನಿಂತಿತು.

"ಕೇಳಿಸ್ಲಿಲ್ಲ ಕಣೋ, ಮೊದಲಿಂದ ಹೇಳು. ಕೇಳಬೇಕಾದೋಳು ಈ ಕಡೆ ಕೂತಿದಾಳೆ."

"ಅವಳ ಮುಖ ನೋಡ್ಕೊಂಡು ನಂಗೆ ಸುಳ್ಳು ಹೇಳೋಕೆ ಮಾತ್ರ ಬರೋದು ಅಕ್ಕ," ಎಂದ ಅವನು, ಗೋಡೆಗೇ.

"ಗೋಡೆದೇನೋ ಇವತ್ತು ಹುಟ್ಟುಹಬ್ಬ?"

ಅವನು ತಿರುಗಿದ. ಎರಡು ಬಡಿತಕ್ಕೆ ಉತ್ತರ ಕೊಡದೆ ಅವನು ಯಾವತ್ತೂ ಉಳಿದವನಲ್ಲ. ಅಮ್ಮನ ಮುಖ ನೋಡುತ್ತ, ತೊದಲುತ್ತ ಅದೇ ಪದ್ಯ ಹೇಳಿದ. ಕಾವಲುಗಾರರು ಅವನ ಹಲ್ಲು ಮುರಿದದ್ದು, ಕತ್ತಲೆಕೋಣೆಯಲ್ಲಿ ಬೆತ್ತಲೆ ಕೂಡಿಹಾಕಿದ್ದು, ಅಮ್ಮ ಬರುವ ದಿನ ಏಟಿನ ಗುರುತು ಕಾಣದಿರಲೆಂದು ಕತ್ತಿನವರೆಗೆ ಗುಂಡಿ ಹಾಕಿಕೊಂಡು ಗಾಜಿನ ಮುಂದೆ ನಕ್ಕದ್ದು. ಆ ಗುಂಡಿಗಳು ವರ್ಡೆಲ್‌ಗೆ ನೆನಪಿದ್ದವು. ಜೈಲಲ್ಲೂ ಶೋಕಿ ನೋಡು ಎಂದು ವಾಪಸು ಬರುವಾಗ ಬಸ್ಸಿನುದ್ದಕ್ಕೂ ಆಡಿಕೊಂಡಿದ್ದಳು. ಈಗ ಅವಳ ಸೌಟಿನಿಂದ ಸೊಪ್ಪಿನ ನೀರು ನೆಲಕ್ಕೆ ತೊಟ್ಟಿಕ್ಕುತ್ತಿತ್ತು, ಅವಳಿಗೆ ಅದರ ಪರಿವೆಯೇ ಇರಲಿಲ್ಲ. ವಿಟ್‌ಕಾಂಬ್ ಚಪ್ಪಾಳೆಗೆ ಕೈಯೆತ್ತಿದ. ವರ್ಡೆಲ್ ನೋಡಿದ ನೋಟಕ್ಕೆ ಕೈ ಇಳಿಸಿದ.

"ಗೊತ್ತಿತ್ತು ಮಗ," ಎಂದಳು ಆರ್ಜುಲಾ. "ತುಟಿ ಓದೋಳಿಗೆ ಸುಳ್ಳು ಕಾಣಲ್ವಾ? ನಾನು ನಂಬಬೇಕು ಅಂತ ನಿಂಗೆ ಅಷ್ಟು ಆಸೆ ಇತ್ತು. ಅದಕ್ಕೇ ತಲೆ ಆಡಿಸ್ತಿದ್ದೆ."

ಆಮೇಲೆ ಮುದುಕಿ ಬೆರಳ ಗೆಣ್ಣಿನಿಂದ ಮೇಜನ್ನು ಎರಡು ಸಲ ಬಡಿದಳು. ಲೂಷಿಯಸ್ ಕುರ್ಚಿ ಎಳೆದುಕೊಂಡು ಅವಳ ಎದುರಿಗೆ ಕೂತು ಮೊದಲಿಂದ ಶುರು ಮಾಡಿದ.