ಪ್ಲಗ್ಗಿಗೆ ಹಚ್ಚಿದ ಕುಂಕುಮ

ನಿಜಾಮರ ಆಳ್ವಿಕೆಯ ಕಡೆಯ ವರ್ಷಗಳಲ್ಲಿ ನಾನು ಶಹಾಪುರದ ಸಾಹುಕಾರರೊಬ್ಬರ ಹಳೆಯ ಲಾರಿ ಓಡಿಸುತ್ತಿದ್ದೆ. ಹೆಂಡತಿ ಬಾಣಂತನಕ್ಕೆಂದು ಸುರಪುರದ ತವರಿನಲ್ಲಿದ್ದಳು. ಮಗಳನ್ನು ತೊಟ್ಟಿಲಿಗೆ ಹಾಕಿದ ದಿನ ಒಮ್ಮೆ ನೋಡಿದ್ದೆ, ಅಷ್ಟೇ. ದಸರೆಯ ಬನ್ನಿ ಹಬ್ಬದ ದಿನ ಇಬ್ಬರನ್ನೂ ಕರೆತರುವುದೆಂದು ನಿಶ್ಚಯವಾಗಿತ್ತು. ಅತ್ತೆ ಮೊದಲೇ ಹೇಳಿ ಕಳಿಸಿದ್ದರು: "ದೀಪ ಹಚ್ಚೋದ್ರಾಗ ಬರ್ರಿ. ಹೊತ್ತು ಮುಳುಗಿದ್ರ ಕೂಸಿನ್ನ ಹೊಸ್ತಿಲಾ ದಾಟಸಂಗಿಲ್ಲ. ಆಮ್ಯಾಲ ಅಮಾಸಿ ಕಳದ ಮ್ಯಾಲೇ."

ಲಾರಿಯೋ, ಏರು ಬಂದರೆ ಕೆಮ್ಮಿ ನಿಲ್ಲುವ ಜಾತಿ. ಅದಕ್ಕೇ ಎಂಜಿನ್ನಿನಲ್ಲಿ ಕಿಡಿ ಹಾರಿಸುವ ನಾಲ್ಕು ಹೊಸ ಪ್ಲಗ್ಗು, ಅವಕ್ಕೆ ಕರೆಂಟು ಒಯ್ಯುವ ವೈರುಗಳನ್ನು ಹೈದರಾಬಾದಿನಿಂದ ರೈಲಿನಲ್ಲಿ ಯಾದಗಿರಿಗೆ ತರಿಸಿದ್ದೆ. ಹೊಸ ಸಾಮಾನನ್ನು ಪೂಜೆಯಾಗದೆ ಹಾಕುವುದುಂಟೆ? ಹಬ್ಬದ ಹಿಂದಿನ ದಿನ ಆಯುಧಗಳಿಗೆ ಮಾಡುವ ಖಂಡೆಪೂಜೆಯಲ್ಲಿ ಪಾನಾ, ಸುತ್ತಿಗೆಗಳ ಪಕ್ಕ ಅವನ್ನೂ ಸಾಲಾಗಿಟ್ಟೆ. ಅವ್ವ ಎಣ್ಣೆಯಲ್ಲಿ ಕಲಸಿದ ಕುಂಕುಮವನ್ನು ಪ್ರತಿ ಪ್ಲಗ್ಗಿಗೂ ಹಚ್ಚಿದಳು. ಅದೂ ಕಿಡಿ ಹಾರುವ ಮೂತಿಗೇ, ಧಾರಾಳವಾಗಿ.

ಮರುದಿನ ಹಳೆಯವನ್ನು ಬಿಚ್ಚಿ ಹೊಸವನ್ನು ಕೂಡಿಸುವಾಗ ಒರೆಸಲು ಕೈ ಬರಲಿಲ್ಲ. ಪೂಜೆಯ ಕುಂಕುಮ, ಅದರಲ್ಲೂ ಹಬ್ಬದ ದಿನ. ಎಂಜಿನ್ ಬಿಸಿಯಾದರೆ ತಾನೇ ಉರಿದುಹೋಗುತ್ತದೆ ಎಂದುಕೊಂಡೆ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ. ಬಿಸಿಯಾಗಲು ಮೊದಲು ಚಾಲೂ ಆಗಬೇಕಲ್ಲ? ಹ್ಯಾಂಡಲ್ ತಿರುವಿ ತಿರುವಿ ರಟ್ಟೆ ಬಿದ್ದುಹೋಯಿತು, ಹೊತ್ತು ನೆತ್ತಿಯಿಂದ ಇಳಿಯಿತು. ಲಾರಿಯನ್ನು ಬೈದೆ, ಹೈದರಾಬಾದಿನ ಅಂಗಡಿಯವನನ್ನು ಬೈದೆ. ಕುಂಕುಮದ ಸುದ್ದಿ ಮಾತ್ರ ಬಾಯಿಗೆ ತರಲಿಲ್ಲ.

ಸೊಸೆಯನ್ನು ಕರೆತರಲು ಇಳಕಲ್ ಸೀರೆ ಉಟ್ಟು ಕೂತಿದ್ದ ಅವ್ವನೇ ಎದ್ದು ಬಂದಳು. "ಏನಾಗ್ಯದ, ಖರೇ ಹೇಳು."

"ನೀ ಹಚ್ಚಿದ ಕುಂಕುಮ ಅಡ್ಡ ಬಂದದ ಯವ್ವ. ಕಿಡಿ ಹಾರವಲ್ದು."

"ಮತ್ತ ವರಸೋದಪಾ."

"ದೇವರ ಕುಂಕುಮ ಹ್ಯಾಂಗ ವರಸಲಿ?"

"ಮುಂಜಾನಿಂದ ಇದಕ್ಕ ಕುಂತಿಯೇನು? ನನ್ನ ಮಮ್ಮಗಳಿಗಿಂತ ಹೆಚ್ಚಿಂದೇನು ಅದು? ನಾ ಹಚ್ಚೀನಿ, ನಾನ ವರಸ್ತೀನಿ. ಬಿಚ್ಚು."

ನಾನು ಒಂದೊಂದೇ ಬಿಚ್ಚಿ ಕೊಟ್ಟೆ. ಅವಳು ಆ ಹಬ್ಬದ ಸೀರೆಯ ಸೆರಗಿನಿಂದಲೇ ಮಗುವಿನ ಮೂಗು ಒರೆಸುವಂತೆ ಒರೆಸಿ ಕೊಟ್ಟಳು. ಮತ್ತೆ ಕೂಡಿಸಿ ಹ್ಯಾಂಡಲ್ ತಿರುವಿದರೆ ಎರಡನೇ ಸುತ್ತಿಗೇ ಎಂಜಿನ್ ಹತ್ತಿಕೊಂಡಿತು. ಅವ್ವನನ್ನು ಪಕ್ಕಕ್ಕೆ ಕೂಡಿಸಿಕೊಂಡು ಹೊರಟೆ.

ಸುರಪುರ ಮುಟ್ಟಿದಾಗ ಅತ್ತೆ ಹೊಸ್ತಿಲ ಬಳಿ ಕೂತು ದೀಪಕ್ಕೆ ಬತ್ತಿ ಹೊಸೆಯುತ್ತಿದ್ದರು. ಹೆಂಡತಿ ಕೂಸನ್ನು ಅವ್ವನ ಮಡಿಲಿಗೆ ಹಾಕಿದಳು. ಅವ್ವ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಅದರ ಗಲ್ಲಕ್ಕೆ ಒತ್ತಿದಳು. ಎಂಜಿನ್ನಿನ ಮಸಿ ಸೇರಿ ಕುಂಕುಮ ಕಪ್ಪಾಗಿತ್ತು.

"ಅದು ಲಾರಿ ಮಸಿ ಯವ್ವ," ಎಂದೆ.

"ದೃಷ್ಟಿ ಬೊಟ್ಟು ಮತ್ತೇನು ಕೆಂಪಿರತದೇನು?" ಎಂದಳು.

ಹೊತ್ತು ಮುಳುಗಲು ಇನ್ನೂ ಒಂದು ಮಾರು ಇತ್ತು. ಅತ್ತೆ ಬತ್ತಿ ಕೆಳಗಿಟ್ಟು ಹೊಸ್ತಿಲಿನಿಂದ ಸರಿದು ನಿಂತರು.