ದಾಳಿಂಬೆ ಗಿಡಕ್ಕೆ ಕುಬಸ

ಈ ಬೇಸಿಗೆಯಲ್ಲಿ ನಮ್ಮ ಮನೆಯಲ್ಲೊಂದು ಕುಬಸವಾಯಿತು, ಅಂದರೆ ಸೀಮಂತ. ಗಾಬರಿಯಾಗಬೇಡಿ, ನನಗಲ್ಲ! ನನ್ನ ತಲೆ ಬೆಳ್ಳಗಾಗಿ ಎಷ್ಟೋ ಕಾಲವಾಯಿತು. ಬಸರಿಯಾಗಿದ್ದದ್ದು ನಮ್ಮ ಹಿತ್ತಲ ದಾಳಿಂಬೆ ಗಿಡ.

ಜಗಳ ಶುರುವಾದದ್ದು ಪಕ್ಕದ ಮನೆಯ ಲಾನ್‌ನಿಂದ. ನೆರೆಯ ವೀರಣ್ಣನವರು ಕಾಲುವೆ ಕೆಲಸದ ಓವರ್ಸಿಯರು. ಡ್ಯಾಮಿನ ಹತ್ತಿರ ಯಾರೋ ದೊಡ್ಡ ಸಾಹೇಬರ ಬಂಗಲೆಯಲ್ಲಿ ಲಾನ್ ನೋಡಿ ಬಂದರು. ಬಂದವರೇ ಅಂಗಳ ಅಗೆಸಿ, ಗೊಬ್ಬರ ಹಾಕಿಸಿ, ಕರಿಕೆ ಹುಲ್ಲು ನೆಡಿಸಿದರು. ಬೇವೂರಿನ ಕಡೆ ರೈತರು ಹೊಲದ ಕರಿಕೆ ಕಿತ್ತೂ ಕಿತ್ತೂ ಸಾಕಾಗಿ ಹೋಗುತ್ತಾರೆ. ಇವರು ಅದಕ್ಕೆ ದಿನಾ ನೀರುಣಿಸುತ್ತಾರೆ! (ಅದೂ ಕೊಪ್ಪಳದ ಬೇಸಿಗೆಯಲ್ಲಿ.) ಇರಲಿ, ಅವರ ಅಂಗಳ, ಅವರ ಹುಲ್ಲು. ನನ್ನ ಗಂಟೇನು ಹೋಗುತ್ತದೆ?

ಹೋಗುವ ಕಾಲವೂ ಬಂತು. ಲಾನ್ ಅಲ್ಲಲ್ಲಿ ಹಳದಿಯಾಯಿತು. ವೀರಣ್ಣನವರು ಕಂಪೌಂಡಿನಾಚೆ ನಿಂತು ನಮ್ಮ ದಾಳಿಂಬೆಯತ್ತ ಬೊಟ್ಟು ಮಾಡಿದರು.

“ಅಕ್ಕಾರ, ನಿಮ್ಮ ಗಿಡದಾಗಿನ ಹುಳಾ ಬಂದು ನನ್ನ ಲಾನ್ ತಿನ್ನಾಕತ್ತಾವ ನೋಡ್ರಿ.” (ಸಾಲಿ ಕಲಿಸುವವಳಾದ್ದರಿಂದ ನಾನು ಓಣಿಗೆಲ್ಲ ಅಕ್ಕಾರು.)

“ಹಣ್ಣು ಬಿಟ್ಟು ಹುಲ್ಲು ತಿನ್ನಾಕ ಅವಕ್ಕೇನು ಹುಚ್ಚು ಹಿಡದೈತೇನ್ರಿ?”

“ಅದೆಲ್ಲಾ ಬ್ಯಾಡ್ರಿ. ಗಂಗಾವತಿಯಿಂದ ಭತ್ತಕ್ಕ ಹೊಡಿಯೋ ಎಣ್ಣಿ ತರಿಸೀನಿ. ಐತವಾರ ಪಂಪಿನವನ್ನ ಕರಸ್ತೀನಿ. ಒಂದೋ ಹೊಡಿಸ್ರಿ, ಇಲ್ಲಾ ಗಿಡಾ ಕಡಿಸ್ರಿ.”

ಕಡಿಸಬೇಕಂತೆ! ನನ್ನ ಮೈ ಉರಿದುಹೋಯಿತು. ಆ ಗಿಡ ಕಾಯಿ ಬಿಟ್ಟಾಗಲೆಲ್ಲ ಒಳಗೆ ಹುಳವೇ ಇರುತ್ತಿತ್ತು. ಮನೆಯ ಗಿಡದ ಒಂದೇ ಒಂದು ಚೊಕ್ಕ ಹಣ್ಣು ತಿಂದವಳಲ್ಲ ನಾನು. ಈ ವರ್ಷವಾದರೂ ತಿಂದೇ ತಿನ್ನುತ್ತೇನೆಂದು ಹಟ ಹಿಡಿದಿದ್ದೆ. ಭತ್ತದ ವಿಷ ಕುಡಿದ ಹಣ್ಣನ್ನು ಯಾರು ಬಾಯಿಗಿಡುತ್ತಾರೆ?

ನನ್ನ ತವರು ಕುಷ್ಟಗಿ. ಅಲ್ಲಿ ಅವ್ವ ದಾಳಿಂಬೆಯ ಒಂದೊಂದು ಕಾಯಿಗೂ ಬಟ್ಟೆಯ ಚೀಲ ಕಟ್ಟುತ್ತಿದ್ದಳು. ಪಾತರಗಿತ್ತಿ ಕಾಯಿಯ ಮೇಲೆ ತತ್ತಿ ಇಟ್ಟರೆ ತಾನೆ ಹುಳ? ಸರಿ, ಅಷ್ಟು ಬಟ್ಟೆ ಎಲ್ಲಿಂದ ತರುವುದು? ಟ್ರಂಕು ತೆಗೆದೆ. ಅದರ ತುಂಬ ಜಂಪರ್ ಪೀಸುಗಳು! ಉಡಿ ತುಂಬುವಾಗ ಕುಬಸ ಹೊಲಿಸಿಕೊಳ್ಳಲೆಂದು ಕೊಡುತ್ತಾರಲ್ಲ, ಅವು. ಯಾರೂ ಹೊಲಿಸುವುದಿಲ್ಲ, ಯಾರ ತೋಳಿಗೂ ಸಾಲುವುದಿಲ್ಲ. ಈ ಮನೆಯಿಂದ ಆ ಮನೆಗೆ ತಿರುಗುವುದೇ ಅವುಗಳ ಕೆಲಸ. ಶನಿವಾರ ಮಧ್ಯಾಹ್ನ ಮಷೀನಿನ ಮುಂದೆ ಕೂತೆ. ಸಂಜೆಯೊಳಗೆ ಕಾಯಿಗಳೆಲ್ಲ ಹಸಿರು, ನೇರಳೆ, ಹೂವಿನ ಚಿತ್ತಾರದ ಚೀಲದೊಳಗೆ ಸೇರಿದವು.

ಭಾನುವಾರ ಪಂಪಿನವನೊಂದಿಗೆ ಬಂದ ವೀರಣ್ಣನವರು ಗಿಡ ನೋಡಿ ನಕ್ಕರು.

“ಏನ್ರಿ ಅಕ್ಕಾರ, ಗಿಡಕ್ಕ ಕುಬಸಾ ಮಾಡೀರೇನು?”

“ಹೌದ್ರಿ! ಮೈತುಂಬ ಹೊತ್ತು ನಿಂತೈತಿ. ಮಾಡದ ಬಿಡ್ತಾರೇನ್ರಿ?”

ಪಂಪು ನೋಡಲು ಕೂಡಿದ್ದ ಓಣಿಯ ಮಂದಿ ಗೊಳ್ಳೆಂದರು. ಅಷ್ಟರಲ್ಲಿ ವೀರಣ್ಣನವರ ಹೆಂಡತಿ ಗೌರಕ್ಕ ಬಂದು ಗೋಡೆಯಾಚೆಯಿಂದ ಇಣುಕಿದರು. ಗಿಣಿಹಸಿರಿನ ಒಂದು ಚೀಲದ ಮೇಲೆ ಅವರ ಕಣ್ಣು ನಿಂತಿತು.

“ಅಯ್ಯ, ಇದು ನಾ ಕೊಟ್ಟ ಜಂಪರ್ ಪೀಸಲ್ಲೇನ್ರಿ?”

ಸಿಕ್ಕಿಬಿದ್ದೆ! ಕೊಟ್ಟ ಉಡುಗೊರೆಯನ್ನು ಕತ್ತರಿಸಿ ಗಿಡಕ್ಕೆ ತೊಡಿಸಿದರೆ ಯಾರಿಗೆ ಸಿಟ್ಟು ಬರುವುದಿಲ್ಲ ಹೇಳಿ? “ಹೌದ್ರಿ ಗೌರಕ್ಕ, ನಿಮ್ಮದ,” ಎಂದೆ.

ಗೌರಕ್ಕ ಸೊಂಟಕ್ಕೆ ಕೈಯಿಟ್ಟು ತಿರುಗಿದರು. ನನ್ನತ್ತ ಅಲ್ಲ, ಗಂಡನತ್ತ!

“ನಾ ಕೊಟ್ಟ ಕುಬಸಾ ತೊಟ್ಟ ಬಸರಿಗೆ ವಿಷಾ ಹೊಡಸ್ತೀರೇನು? ಮಗಳು ಹಡಿಯಾಕ ಬಂದು ಮನ್ಯಾಗ ಕುಂತಾಳ, ನೆನಪೈತಿಲ್ಲ? ಮೊದಲ ಆ ಪಂಪು ಹೊರಗ ಕಳಸ್ರಿ!”

ಪಂಪಿನವನು ಒಮ್ಮೆ ಸಾಹೇಬರ ಮುಖ ನೋಡಿದ, ಒಮ್ಮೆ ಗೌರಕ್ಕನ ಮುಖ ನೋಡಿದ. ಯಾರ ಮಾತು ನಡೆಯುತ್ತದೆಂದು ತಿಳಿಯಲು ಅವನಿಗೆ ಹೊತ್ತು ಹಿಡಿಯಲಿಲ್ಲ. ಸೈಕಲ್ ಹತ್ತಿ ಹೊರಟೇ ಹೋದ.

ಮುಂದೊಂದು ದಿನ ಗೌರಕ್ಕನೇ ಕುರ್ಪಿ ಹಿಡಿದು ಲಾನಿನ ಹಳದಿ ಜಾಗ ಕೆದರಿದರು. ಬೆರಳುಗಾತ್ರದ ಬಿಳಿ ಗೊಣ್ಣೆಹುಳಗಳು ಬೇರು ಮೇಯುತ್ತಿದ್ದವು! ವೀರಣ್ಣನವರು ಅವಸರಕ್ಕೆ ಹಾಕಿಸಿದ ಹಸಿ ಗೊಬ್ಬರದ ಪ್ರಸಾದ ಅದು. ಹುಳ ಯಾವಾಗಲೂ ಪಕ್ಕದ ಮನೆಯಿಂದಲೇ ಬರುತ್ತದೆ, ಗಮನಿಸಿದ್ದೀರಾ? ಸೊಳ್ಳೆ, ಜಿರಲೆ, ಮಕ್ಕಳ ಕೆಟ್ಟ ಚಾಳಿ ಎಲ್ಲವೂ ಅಲ್ಲಿಂದಲೇ. ನಮ್ಮ ನೆಲವನ್ನು ನಾವು ಕೆದರಿ ನೋಡುವವರೆಗೆ.

ಮೊನ್ನೆ ಮೊದಲ ಚೀಲ ಬಿಚ್ಚಿದೆ. ಹಣ್ಣು ಒಡೆದರೆ ಒಳಗೆಲ್ಲ ಕೆಂಪೋ ಕೆಂಪು. ಹುಡುಕಿದರೂ ಒಂದು ಹುಳವಿಲ್ಲ! ನಾನು ಕೂಗಿದ ಕೂಗಿಗೆ ನಮ್ಮವರು ಮುಖದ ಸೋಪು ತೊಳೆಯದೆ ಹೊರಗೋಡಿ ಬಂದರು. ಮೊದಲ ಮುಕ್ಕು ನನ್ನದೇ. ಎಂಥ ಸವಿ ಅಂತೀರಿ!

ಉಳಿದದ್ದನ್ನು ತಾಟಿಗೆ ಹಾಕಿಕೊಂಡು ಪಕ್ಕದ ಮನೆಗೆ ನಾನೇ ಹೋದೆ. ವೀರಣ್ಣನವರು ಒಂದು ಹಿಡಿ ಬಾಯಿಗೆ ಹಾಕಿಕೊಂಡು ಗಂಭೀರವಾಗಿ ಅಗಿದರು.

“ಕಾಳು ಒಂಚೂರು ಸಣ್ಣಾವು ಅನಸ್ತಾವ್ರಿ ಅಕ್ಕಾರ.”

ಅನ್ನುತ್ತಲೇ ತಾಟು ಬರಿದು ಮಾಡಿದರು. ಓವರ್ಸಿಯರೊಬ್ಬರು ಸೋಲೊಪ್ಪಿಕೊಳ್ಳಲು ಇನ್ನೇನು ಸ್ಟಾಂಪ್ ಪೇಪರ್ ಮೇಲೆ ಬರೆದುಕೊಡಬೇಕೆ?